ಭಾನುವಾರದ ನೆಟ್‌ಗೆ (ರೇಡಿಯೋದಲ್ಲಿ ಎಲ್ಲರೂ ಸೇರಿ ಮಾತಾಡುವ ಹೊತ್ತು) ವಿಷಯ: ಬಾಂಬ್ ಸಿಡಿದರೆ ಎಚ್‌ಎಫ್ (ದೂರದ ಸಂಪರ್ಕಕ್ಕೆ ಬಳಸುವ 3ರಿಂದ 30 ಮೆಗಾಹರ್ಟ್ಸ್ ರೇಡಿಯೋ ಅಲೆ) ಯಾಕೆ ಸಿಗುವುದಿಲ್ಲ?

ಎಲ್ಲ ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯರಿಗೆ ನಮಸ್ಕಾರ. ಅಣುಬಾಂಬ್ ಸಿಡಿದರೆ ರೇಡಿಯೋಗಳೆಲ್ಲ ಸುಟ್ಟುಹೋಗುತ್ತವೆ ಎನ್ನುವ ಫಾರ್ವರ್ಡ್ ಓಡಾಡುತ್ತಿದೆ. ದಯವಿಟ್ಟು ಮುಂದೆ ಕಳಿಸಬೇಡಿ. ಸೆಟ್ ಸುಡುವುದು ಬೇರೆ, ಸೆಟ್ ಚೆನ್ನಾಗಿದ್ದೂ ಸಿಗ್ನಲ್ ಬಾರದಿರುವುದು ಬೇರೆ. ಭಾನುವಾರ ಮಾತಾಡುವುದು ಎರಡನೆಯದರ ಬಗ್ಗೆ.

1958ರ ಆಗಸ್ಟ್ 1ರಂದು ಅಮೆರಿಕ ಪೆಸಿಫಿಕ್‌ನ ಜಾನ್‌ಸ್ಟನ್ ದ್ವೀಪದ ಮೇಲೆ ‘ಟೀಕ್’ ಪರೀಕ್ಷೆ ಮಾಡಿತು. 3.8 ಮೆಗಾಟನ್, ಸುಮಾರು 77 ಕಿ.ಮೀ. ಎತ್ತರ. ಆ ಎತ್ತರ ಗಮನಿಸಿ, ಡಿ ಪದರ, ಅಂದರೆ ಅಯಾನುಗೋಳದ (ಮೇಲಿನ ವಾತಾವರಣದ ವಿದ್ಯುದಾವೇಶವುಳ್ಳ ಭಾಗದ) ಕೆಳಗಿನ ಪದರ, ಇರುವುದೇ ಅಲ್ಲಿ. ಎಕ್ಸ್‌ರೇ, ಬೀಟಾ ಕಣಗಳು ಅಲ್ಲಿನ ಗಾಳಿಯಿಂದ ಎಲೆಕ್ಟ್ರಾನ್‌ಗಳನ್ನು ಕಿತ್ತುಬಿಟ್ಟವು. ಎಚ್‌ಎಫ್ ಅಲೆ ಬಂದಾಗ ಈ ಎಲೆಕ್ಟ್ರಾನ್‌ಗಳು ಅಲುಗಾಡುತ್ತವೆ, ಗಾಳಿಯ ಅಣುಗಳಿಗೆ ಡಿಕ್ಕಿ ಹೊಡೆಯುತ್ತವೆ. ಅಲೆಯ ಶಕ್ತಿ ಅಲ್ಲೇ ಶಾಖವಾಗಿ ಮುಗಿದುಹೋಗುತ್ತದೆ. ಅದಕ್ಕೂ ಮೇಲಿರುವ, ಅಲೆಯನ್ನು ನೆಲದ ಕಡೆ ತಿರುಗಿಸುವ ಎಫ್ ಪದರ ಮುಟ್ಟಿ ವಾಪಸ್ ಬರಲು ಏನೂ ಉಳಿಯುವುದಿಲ್ಲ. ಪೆಸಿಫಿಕ್‌ನ ದೊಡ್ಡ ಭಾಗದಲ್ಲಿ ಎಚ್‌ಎಫ್ ಸಂಪರ್ಕ ಗಂಟೆಗಟ್ಟಲೆ ನಿಂತಿತ್ತು.

ನನಗೆ ಜಾಸ್ತಿ ಬೆರಗು ಹುಟ್ಟಿಸಿದ್ದು ಇನ್ನೊಂದು. ಕೆಲವು ಕಣಗಳು ಭೂಮಿಯ ಕಾಂತರೇಖೆ ಹಿಡಿದು ಸಮಭಾಜಕ ದಾಟಿ ಹೋದವು. ದೂರದ ಸಮೋವಾದ ಅಪಿಯಾದಲ್ಲಿ ಆಕಾಶವೇ ಬಣ್ಣಬಣ್ಣವಾಗಿ ಬೆಳಗಿತು!

ಸೌರ ಜ್ವಾಲೆ ಬಂದಾಗ ಹಗಲಲ್ಲಿ 40 ಮೀಟರ್ ಬ್ಯಾಂಡ್ (ಸುಮಾರು 7 ಮೆಗಾಹರ್ಟ್ಸ್) ಇದ್ದಕ್ಕಿದ್ದಂತೆ ಮಲಗಿಬಿಡುತ್ತದೆ ಅಲ್ವಾ? ಅಲ್ಲೂ ಕಾರಣ ಡಿ ಪದರವೇ. ಆವರ್ತನ ಎರಡರಷ್ಟಾದರೆ ಈ ಪದರ ಅಲೆಯನ್ನು ಹೀರುವ ಪ್ರಮಾಣ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಹಾಗಾಗಿ 10 ಮೀಟರ್ (ಸುಮಾರು 28 ಮೆಗಾಹರ್ಟ್ಸ್) ಬೇಗ ಚೇತರಿಸಿಕೊಳ್ಳುತ್ತದೆ. ಊರೊಳಗಿನ 2 ಮೀಟರ್ (ಸುಮಾರು 145 ಮೆಗಾಹರ್ಟ್ಸ್, ನೇರವಾಗಿ ಸಾಗುವ ಅಲೆ) ಮಾತುಕತೆಗೆ ಈ ಪದರದ ಹಂಗೇ ಇಲ್ಲ.

ಜ್ವಾಲೆಯ ದಿನದ ಲಾಗ್ (ಸಂಪರ್ಕಗಳ ದಾಖಲೆ) ಇದ್ದವರು ಬ್ಯಾಂಡ್, ಸಮಯ ಸಮೇತ ಶನಿವಾರದೊಳಗೆ ಇಲ್ಲೇ ಹಾಕಿ.