ದೂರದಿಂದ ಕಂಪ್ಯೂಟರ್ ಎಬ್ಬಿಸಲು ರೂಟರ್ ತೆರೆದಿಡಬೇಕಿಲ್ಲ

ಮಾನ್ಯ ಸಂಪಾದಕರೇ,

ಪರವೂರಿನಲ್ಲಿದ್ದಾಗ ಮನೆಯ ಕಂಪ್ಯೂಟರನ್ನು ಬಳಸುವುದು ಹೇಗೆಂದು ನಿಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಪ್ರಕಟವಾದ ಲೇಖನದ ಎರಡು ಸಲಹೆಗಳಿಗೆ ನನ್ನ ಆಕ್ಷೇಪವಿದೆ. ಹೊರಡುವಾಗ ಕಂಪ್ಯೂಟರನ್ನು ಚಾಲೂ ಇಟ್ಟೇ ಹೋಗಿ ಎಂಬುದು ಒಂದು. ರೂಟರಿನಲ್ಲಿ 3389ನೇ ಪೋರ್ಟ್ (ಹೊರಗಿನ ಸಂಪರ್ಕ ಒಳಬರುವ ದ್ವಾರ) ತೆರೆದು, ದೂರದಿಂದ ಕಂಪ್ಯೂಟರ್ ಬಳಸಲು ವಿಂಡೋಸ್‌ನಲ್ಲಿರುವ ರಿಮೋಟ್ ಡೆಸ್ಕ್‌ಟಾಪ್ ಮೂಲಕ ನೇರವಾಗಿ ಒಳಹೊಕ್ಕಿ ಎಂಬುದು ಇನ್ನೊಂದು. ಮೊದಲನೆಯದು ದುಂದು, ಎರಡನೆಯದು ಅಪಾಯ.

ಡೆಸ್ಕ್‌ಟಾಪ್ ಕೆಲಸವಿಲ್ಲದೆ ಚಾಲೂ ಇದ್ದಾಗ 50 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಂಡರೂ ದಿನಕ್ಕೆ 1.2 ಯೂನಿಟ್, ತಿಂಗಳಿಗೆ 36 ಯೂನಿಟ್ ಆಗುತ್ತದೆ. ಹಿಂದಿನ ಸರಾಸರಿ ಬಳಕೆಯನ್ನು ನೋಡಿ ಗೃಹಜ್ಯೋತಿಯ ಮಿತಿ ನಿಗದಿಯಾಗಿರುವ ಮನೆಗಳಿಗೆ ಇದೇನೂ ಸಣ್ಣ ಲೆಕ್ಕವಲ್ಲ. ಹೀಗೆ ಉರಿಸುವ ಅಗತ್ಯವೂ ಇಲ್ಲ. ಮಲಗಿರುವ ಕಂಪ್ಯೂಟರನ್ನು ಜಾಲದ ಮೂಲಕವೇ ಎಬ್ಬಿಸುವ ‘ವೇಕ್ ಆನ್ ಲ್ಯಾನ್’ ಸೌಲಭ್ಯ 1990ರ ದಶಕದಿಂದಲೂ ಇದ್ದು, ಇಂದಿನ ಬಹುತೇಕ ಡೆಸ್ಕ್‌ಟಾಪ್‌ಗಳಲ್ಲಿ ಅದು ಮೊದಲೇ ಅಡಕವಾಗಿರುತ್ತದೆ.

ಅದು ಕೆಲಸ ಮಾಡುವ ಬಗೆ ಸರಳ. ಎಎಂಡಿ ಕಂಪನಿ ರೂಪಿಸಿದ ‘ಮ್ಯಾಜಿಕ್ ಪ್ಯಾಕೆಟ್’ ಎಂಬ ಸಂದೇಶದಲ್ಲಿ ಮೊದಲು ಆರು ನಿಗದಿತ ಬೈಟ್‌ಗಳು, ಬಳಿಕ ಆ ಕಂಪ್ಯೂಟರಿನ ಮ್ಯಾಕ್ ವಿಳಾಸ (ಜಾಲದ ಕಾರ್ಡಿನ ಗುರುತಿನ ಸಂಖ್ಯೆ) ಹದಿನಾರು ಬಾರಿ, ಒಟ್ಟು 102 ಬೈಟ್‌ಗಳಿರುತ್ತವೆ. ಕಂಪ್ಯೂಟರ್ ಆರಿದ್ದರೂ ಅದರ ಜಾಲದ ಕಾರ್ಡ್ ಸ್ವಲ್ಪ ವಿದ್ಯುತ್ತಿನಲ್ಲಿ ಎಚ್ಚರವಾಗಿದ್ದು, ತನ್ನ ವಿಳಾಸ ಕಂಡೊಡನೆ ಯಂತ್ರವನ್ನು ಚಾಲೂ ಮಾಡುತ್ತದೆ. ಶಟ್‌ಡೌನ್ ಮಾಡಿದ ಮೇಲೆ ಕೇಬಲ್ ಸಿಕ್ಕಿಸಿದ ಜಾಗದಲ್ಲಿ ಹಸಿರು ಅಥವಾ ಕಿತ್ತಳೆ ದೀಪ ಉರಿಯುತ್ತಿದ್ದರೆ ಕಾರ್ಡ್ ಎಚ್ಚರವಿದೆ ಎಂದು ತಿಳಿಯಬಹುದು. ಉರಿಯದಿದ್ದರೆ, ವಿಂಡೋಸ್ ಶುರುವಾಗುವ ಮುನ್ನ ತೆರೆಯಬಹುದಾದ ಮೂಲ ಸೆಟ್ಟಿಂಗ್‌ಗಳ ಪುಟವಾದ ಬಯೋಸ್‌ನಲ್ಲಿ ಈ ಸೌಲಭ್ಯವನ್ನು ಸಕ್ರಿಯಗೊಳಿಸಿ, ಅಲ್ಲಿಯೇ ಇರುವ ‘ಇಆರ್‌ಪಿ’ ಎಂಬ ವಿದ್ಯುತ್ ಉಳಿತಾಯದ ಆಯ್ಕೆಯನ್ನು ತೆಗೆದು, ವಿಂಡೋಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ನಿಲ್ಲಿಸಿ ನೋಡಬೇಕು. ವೈಫೈಯನ್ನು ಈ ಕೆಲಸಕ್ಕೆ ನಂಬುವಂತಿಲ್ಲ, ಕೇಬಲ್ಲೇ ಬೇಕು.

ನಮ್ಮ ಕಡೆ ಇದಕ್ಕೆ ದೊಡ್ಡ ಕಂಟಕವೆಂದರೆ ಕರೆಂಟು. ಒಮ್ಮೆ ಕರೆಂಟು ಹೋಗಿ ಬಂದ ಮೇಲೆ, ಯಂತ್ರವನ್ನು ಯಾರಾದರೂ ಕೈಯಿಂದ ಒಮ್ಮೆ ಚಾಲೂ ಮಾಡುವ ತನಕ ಎಷ್ಟೋ ಮದರ್‌ಬೋರ್ಡ್‌ಗಳು ಈ ಸಂದೇಶಕ್ಕೆ ಓಗೊಡುವುದಿಲ್ಲ. ಕರೆಂಟು ಬಂದೊಡನೆ ತಾನಾಗಿ ಚಾಲೂ ಆಗುವಂತೆ ಬಯೋಸ್‌ನಲ್ಲಿ ಹೊಂದಿಸಬಹುದಾದರೂ, ಗಂಟೆಗೆ ನಾಲ್ಕು ಸಲ ಕರೆಂಟು ಕಣ್ಣಾಮುಚ್ಚಾಲೆ ಆಡುವ ಊರಿನಲ್ಲಿ ಯುಪಿಎಸ್ ಇಲ್ಲದೆ ಹಾಗೆ ಮಾಡುವುದು ಹಾರ್ಡ್‌ಡಿಸ್ಕಿಗೆ ಒಳ್ಳೆಯದಲ್ಲ.

ಇನ್ನೊಂದು ತೊಡಕು ಇಂಟರ್‌ನೆಟ್ ಸಂಪರ್ಕದ್ದು. ಈ ಸಂದೇಶ ಮನೆಯ ಜಾಲದೊಳಗೆ ಎಲ್ಲರಿಗೂ ಕೇಳುವಂತೆ ಸಾರುವಂಥದ್ದು. ಹೊರಗಿನಿಂದ ಬಂದ ಸಾರುವಿಕೆಯನ್ನು ರೂಟರ್ ಸಾಮಾನ್ಯವಾಗಿ ಒಳಬಿಡುವುದಿಲ್ಲ. ಮೇಲಾಗಿ, ಇಂಟರ್‌ನೆಟ್‌ನಲ್ಲಿ ಸಾಧನಗಳನ್ನು ಗುರುತಿಸುವ ಹಳೆಯ ಮಾದರಿಯ ಐಪಿವಿ4 ವಿಳಾಸಗಳ ಕೇಂದ್ರ ದಾಸ್ತಾನು 2011ರ ಫೆಬ್ರುವರಿಯಲ್ಲೇ ಹಂಚಿ ಮುಗಿದಿರುವುದರಿಂದ, ಒಂದೇ ಸಾರ್ವಜನಿಕ ವಿಳಾಸವನ್ನು ಅನೇಕ ಗ್ರಾಹಕರಿಗೆ ಹಂಚಿ ಕೊಡುವುದು ಬ್ರಾಡ್‌ಬ್ಯಾಂಡ್ ಕಂಪನಿಗಳಲ್ಲಿ ರೂಢಿಯಾಗಿದೆ. ನಿಮ್ಮ ರೂಟರಿನ ಪುಟದಲ್ಲಿ ಹೊರಗಿನ ವಿಳಾಸ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ನೀವೂ ಆ ಸಾಲಿನವರೇ. ಅಂಥವರು ಎಷ್ಟು ಪೋರ್ಟ್ ತೆರೆದರೂ ಹೊರಗಿನ ಕರೆ ಮನೆಗೆ ಮುಟ್ಟುವುದಿಲ್ಲ. ಲೇಖನದಲ್ಲಿ ಈ ವಿಷಯದ ಪ್ರಸ್ತಾಪವೇ ಇರಲಿಲ್ಲ.

ಸ್ವಂತ ಸಾರ್ವಜನಿಕ ವಿಳಾಸ ಉಳ್ಳವರಿಗಾದರೋ ಆ ಸಲಹೆ ಇನ್ನೂ ಕೆಟ್ಟದ್ದು. ತೆರೆದ 3389ನ್ನು ಹುಡುಕುತ್ತಾ, ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಹಾಕಿ ನೋಡುವ ತಂತ್ರಾಂಶಗಳು ಹಗಲಿರುಳೂ ಅಂತರ್ಜಾಲವನ್ನು ಜಾಲಾಡುತ್ತಿರುತ್ತವೆ. 2019ರಲ್ಲಿ ರಿಮೋಟ್ ಡೆಸ್ಕ್‌ಟಾಪ್ ಸೇವೆಯಲ್ಲಿ ‘ಬ್ಲೂಕೀಪ್’ ಎಂಬ ದೋಷ ಪತ್ತೆಯಾದಾಗ, ಪಾಸ್‌ವರ್ಡ್ ಇಲ್ಲದೆಯೂ ಒಳನುಗ್ಗಲು ಅದರಲ್ಲಿ ದಾರಿಯಿತ್ತು. ಬೆಂಬಲ ನಿಲ್ಲಿಸಿ ವರ್ಷಗಳೇ ಕಳೆದಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತುರ್ತಾಗಿ ಪ್ಯಾಚ್ (ದೋಷ ಸರಿಪಡಿಸುವ ತಂತ್ರಾಂಶ) ಕೊಡಬೇಕಾಯಿತು.

ಹಾಗಾದರೆ ಮಾಡಬೇಕಾದದ್ದೇನು? ಮನೆಯೊಳಗೆ ಕೆಲವೇ ವ್ಯಾಟ್ ಬಳಸುವ, ರಾಸ್ಪ್‌ಬೆರಿ ಪೈಯಂಥ ಸಣ್ಣ ಸಾಧನವೊಂದನ್ನು ಸದಾ ಎಚ್ಚರವಾಗಿಟ್ಟು, ಅದರಲ್ಲೂ ಮೊಬೈಲಿನಲ್ಲೂ ಟೇಲ್‌ಸ್ಕೇಲ್‌ನಂಥ ವಿಪಿಎನ್ (ದೂರದ ಸಾಧನಗಳನ್ನು ಸುರಕ್ಷಿತವಾಗಿ ಒಂದೇ ಖಾಸಗಿ ಜಾಲಕ್ಕೆ ಸೇರಿಸುವ ತಂತ್ರಾಂಶ) ಹಾಕಿಕೊಂಡರೆ ಸಾಕು. ಆ ಸಾಧನ ಒಳಗಿನಿಂದಲೇ ಹೊರಕ್ಕೆ ಸಂಪರ್ಕ ಬೆಳೆಸುವುದರಿಂದ ಹಂಚಿಕೆಯ ವಿಳಾಸವೂ ಅಡ್ಡಿಯಾಗದು, ಪೋರ್ಟ್ ತೆರೆಯುವ ಪ್ರಮೇಯವೂ ಬಾರದು. ಮೊಬೈಲಿನಿಂದ ಅದಕ್ಕೆ ಹೇಳಿದರೆ ಅದು ಪಕ್ಕದ ಕಂಪ್ಯೂಟರಿಗೆ ಮ್ಯಾಜಿಕ್ ಪ್ಯಾಕೆಟ್ ಕಳಿಸುತ್ತದೆ. ಎದ್ದ ಕಂಪ್ಯೂಟರಿಗೂ ಅದೇ ವಿಪಿಎನ್ ಮೂಲಕವೇ ಹೋಗಬಹುದು. ಕರೆಂಟು ಹೋಗಿ ಬಂದಾಗಲೂ ಆ ಸಣ್ಣ ಸಾಧನ ತಾನಾಗಿಯೇ ಚಾಲೂ ಆಗುತ್ತದೆ. ರೂಟರ್ ಮತ್ತು ಫೈಬರ್ ಮೋಡೆಮ್‌ಗಳು ಮಾತ್ರ ಯುಪಿಎಸ್ ಮೇಲಿರಲಿ.

ಕೊಡುವ ವಿಳಾಸ ಸ್ವಂತದ್ದೋ ಹಂಚಿಕೆಯದ್ದೋ ಎಂಬುದನ್ನು ಬ್ರಾಡ್‌ಬ್ಯಾಂಡ್ ಕಂಪನಿಗಳು ಅರ್ಜಿ ನಮೂನೆಯಲ್ಲೇ, ದರದ ಪಕ್ಕದಲ್ಲಿ ನಮೂದಿಸುವಂತೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಸೂಚಿಸಬೇಕು. ಹಣ ಕಟ್ಟಿ, ತಂತಿ ಎಳೆಸಿದ ಮೇಲೆ ಗ್ರಾಹಕ ಸೇವೆಗೆ ಫೋನ್ ಮಾಡಿ ತಿಳಿದುಕೊಳ್ಳುವ ಸಂಗತಿ ಇದಲ್ಲ. ಅದಕ್ಕೂ ಮೊದಲು, ಲೇಖನ ಓದಿ 3389ನೇ ಪೋರ್ಟ್ ತೆರೆದವರು ಕೂಡಲೇ ಅದನ್ನು ಮುಚ್ಚುವಂತೆ ಅದೇ ಪುಟದಲ್ಲಿ ತಿದ್ದುಪಡಿಯೊಂದನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ನಿಮ್ಮ ಓದುಗ, ಶಿವಮೊಗ್ಗ