ಯೂ ಮರ ಹೆಣ್ಣಾಗಿಲ್ಲ

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಸ್ಕಾಟ್ಲೆಂಡಿನ ಫೋರ್ಟಿಂಗಲ್ ಯೂ ಮರದ ಕುರಿತು ಬಂದ ಬರಹದಲ್ಲಿ, ಸಾವಿರಾರು ವರ್ಷ ಗಂಡಾಗಿದ್ದ ಮರ ಹೆಣ್ಣಾಯಿತೆಂದೂ, ಅಲ್ಲಿಯವರೆಗೆ ಅದು ‘ಗೊಡ್ಡು ಹೂ’ ಬಿಡುತ್ತಿತ್ತೆಂದೂ ಹೇಳಲಾಗಿದೆ. ಎರಡೂ ಸರಿಯಲ್ಲ. ಯೂ ಜಾತಿಯಲ್ಲಿ ಗಂಡು, ಹೆಣ್ಣು ಮರಗಳು ಸಾಮಾನ್ಯವಾಗಿ ಬೇರೆ ಬೇರೆ; ಹಣ್ಣು ಬಿಡುವುದು ಹೆಣ್ಣು. 2015ರಲ್ಲಿ ಎಡಿನ್‌ಬರೋದ ರಾಯಲ್ ಬಟಾನಿಕ್ ಗಾರ್ಡನ್ನಿನ ತಜ್ಞರಿಗೆ ಕಂಡದ್ದು ಒಂದೇ ಸಣ್ಣ ಕೊಂಬೆಯಲ್ಲಿ ಮೂರು ಕೆಂಪು ಹಣ್ಣು; ಉಳಿದ ಮರವೆಲ್ಲ ಗಂಡಾಗಿಯೇ ಇತ್ತು.

ಇನ್ನು ‘ಗೊಡ್ಡು ಹೂ’ ಎಂಬ ಮಾತು. ಯೂ ನಗ್ನಬೀಜ ಸಸ್ಯ, ಅಂದರೆ ಬೀಜ ಕಾಯಿಯೊಳಗೆ ಮುಚ್ಚಿರದ ಪೈನ್‌ನಂತಹ ಗುಂಪಿನದು, ಆದ್ದರಿಂದ ಅದರಲ್ಲಿ ಹೂವೇ ಇಲ್ಲ; ಗಂಡು ಮರ ಬಿಡುವುದು ಪರಾಗದ ಶಂಕುಗಳನ್ನು. ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ, ಮಾರ್ಚ್ ತಿಂಗಳ ಒಂದು ಒಣ ಬೆಳಿಗ್ಗೆ, ಚರ್ಚಿನ ಅಂಗಳದ ಯೂ ರೆಂಬೆಯೊಂದನ್ನು ಬೆರಳಿನಿಂದ ತಟ್ಟಿದ್ದೆ. ಹಳದಿ ಹೊಗೆಯಂತೆ ಎದ್ದ ಪರಾಗ ನನ್ನ ಕಪ್ಪು ಕೋಟಿನ ತೋಳನ್ನೆಲ್ಲ ಮೆತ್ತಿಕೊಂಡಿತು. ರೆಂಬೆಯನ್ನು ಮಗುಚಿ ನೋಡಿದರೆ, ಹಿಂದಿನ ವರ್ಷದ ಚಿಗುರಿನ ಅಡಿಭಾಗದಲ್ಲಿ, ಎಲೆಯ ಕಂಕುಳಲ್ಲಿ ಸಾಸಿವೆಗಿಂತ ತುಸು ದಪ್ಪನೆಯ ಉಂಡೆಗಳು ಸಾಲಾಗಿದ್ದವು. ಒಂದೊಂದು ಉಂಡೆಯಲ್ಲಿಯೂ ಪುಟ್ಟ ಕೊಡೆಗಳಂತಹ ಆರರಿಂದ ಹದಿನಾಲ್ಕು ರಚನೆಗಳಿದ್ದು, ಪ್ರತಿಯೊಂದು ಕೊಡೆಯ ಅಡಿಯಲ್ಲಿ ಕಾವಿನ ಸುತ್ತ ಪರಾಗಚೀಲಗಳು ಅಂಟಿಕೊಂಡಿರುತ್ತವೆ. ಹಿಂದಿನ ವರ್ಷವೇ ಮೊಗ್ಗಾಗಿ, ಚಳಿಗಾಲವನ್ನು ಕಂದು ಹೊರಪೊರೆಗಳೊಳಗೆ ಕಳೆದು, ವಸಂತದ ಬಿಸಿಲಿಗೆ ಚೀಲಗಳು ಒಣಗಿ ಬಿರಿಯುವ ಈ ದೀರ್ಘ ಸಿದ್ಧತೆಗೆ ಗೊಡ್ಡು ಎನ್ನುವುದು ಹೇಗೆ? ಪೈನ್ ಪರಾಗಕ್ಕಿರುವ ಗಾಳಿಬುಗ್ಗೆಗಳು ಇದಕ್ಕಿಲ್ಲ. ಬರಿ ಗಾಳಿಯನ್ನೇ ನಂಬಿ ಹೊರಟು, ಹೆಣ್ಣು ಮರದ ಅಂಡಕದ (ಮುಂದೆ ಬೀಜವಾಗುವ ಭಾಗದ) ತುದಿಯಲ್ಲಿ ಜಿನುಗಿರುವ ಅಂಟು ಹನಿಗೆ ಸಿಕ್ಕಿದ ಕಣವಷ್ಟೇ ಸಾರ್ಥಕ.

ನಮ್ಮ ಜಾಯಿಕಾಯಿ ಬೆಳೆಗಾರರಿಗೆ ಗಂಡು ಮರದ ಅಗತ್ಯವನ್ನು ಬಿಡಿಸಿ ಹೇಳಬೇಕಿಲ್ಲ. ಬೀಜದಿಂದೆದ್ದ ಗಿಡ ಆರೇಳು ವರ್ಷದ ಮೇಲೆ ಗಂಡೆಂದು ತಿಳಿದಾಗ ಬೈದುಕೊಂಡರೂ, ತೋಟದಲ್ಲಿ ಒಂದೆರಡನ್ನು ಉಳಿಸಿಕೊಳ್ಳುವವರು ಅವರು.

ಇಷ್ಟು ಉದ್ದಕ್ಕೆ ಬರೆಯಲು ಕಾರಣವಿದೆ. ಉತ್ತರಾಖಂಡದಲ್ಲಿ ಥುನೇರ್ ಎನ್ನುವ ಹಿಮಾಲಯದ ಯೂ, ಕ್ಯಾನ್ಸರ್ ಔಷಧಿ ಪ್ಯಾಕ್ಲಿಟ್ಯಾಕ್ಸೆಲ್‌ಗಾಗಿ ಎಲೆ, ತೊಗಟೆ ಕಿತ್ತು ಕಿತ್ತು ಅಳಿವಿನಂಚಿಗೆ ಬಂದಿದೆ. ಬೀಜ ಮೊಳೆಯಲು ಒಂದೆರಡು ವರ್ಷ ಹಿಡಿಯುವುದರಿಂದ ನರ್ಸರಿಗಳಲ್ಲಿ ಕಡ್ಡಿ ನೆಟ್ಟು ಸಸಿ ಮಾಡುತ್ತಾರೆ. ಕಡ್ಡಿ ಯಾವ ಮರದ್ದೋ ಸಸಿಯೂ ಅದೇ ಲಿಂಗದ್ದು. ಹಣ್ಣು ಕಾಣುವ ಹೆಣ್ಣು ಮರಗಳಿಂದಷ್ಟೇ ಕಡ್ಡಿ ತಂದು ಒಂದು ಇಳಿಜಾರನ್ನೇ ತುಂಬಿಸಿದರೆ, ಗಾಳಿ ತರಬೇಕಾದ ಪರಾಗ ಎಲ್ಲಿಂದ ಬರಬೇಕು? ಸ್ಕಾಟ್ಲೆಂಡಿನ ಒಂದು ಕೊಂಬೆಯ ಅಪವಾದವನ್ನು ನಿಯಮವೆಂಬಂತೆ ಓದಿದವರು, ಗಂಡಿಲ್ಲದಿದ್ದರೂ ಮರಗಳೇ ಹೊಂದಿಸಿಕೊಳ್ಳುತ್ತವೆ ಎಂದುಕೊಂಡರೆ ಆಶ್ಚರ್ಯವಿಲ್ಲ.

ಮುಂದಿನ ಪುರವಣಿಯಲ್ಲಿ ಈ ಎರಡು ತಿದ್ದುಪಡಿಗಳನ್ನು ಪ್ರಕಟಿಸಬೇಕಾಗಿ ಕೋರುತ್ತೇನೆ.

– ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕ, ಶಿರಸಿ