ಸರಾಸರಿ ಬೇಡ, ಅತಿ ಹೆಚ್ಚು ತಡ ಎಷ್ಟು ಹೇಳಿ

ಮಾನ್ಯ ಸಂಪಾದಕರೇ,

ಇಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್ ಪ್ರದರ್ಶನದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಗೆರೆ ಹಿಡಿದು ಓಡುವ ರೋಬೋ, ಮಣ್ಣು ಒಣಗಿದರೆ ತಾನೇ ನೀರು ಬಿಡುವ ಪಂಪ್. ನೋಡಿ ಖುಷಿಯಾಗುತ್ತದೆ. ನಾನು ಪೀಣ್ಯದಲ್ಲಿ ಯಂತ್ರಗಳ ಕಂಟ್ರೋಲ್ ಬೋರ್ಡಿಗೆ ಫರ್ಮ್‌ವೇರ್, ಅಂದರೆ ಬೋರ್ಡಿನ ಚಿಪ್ಪಿನೊಳಗೆ ಕೂತು ಯಂತ್ರ ನಡೆಸುವ ಪ್ರೋಗ್ರಾಂ, ಬರೆಯುವವಳು. ಹೊಸಬರ ಇಂಟರ್‌ವ್ಯೂ ಕೂಡ ನನ್ನ ತಲೆಗೇ ಬರುತ್ತದೆ. ಅವರ ಪ್ರಾಜೆಕ್ಟ್ ಬಗ್ಗೆ ತಪ್ಪದೇ ಕೇಳುವ ಪ್ರಶ್ನೆ ಒಂದಿದೆ: ‘ನಿನ್ನ ಟಾಸ್ಕ್ ಶುರುವಾಗಬೇಕಾದ ಹೊತ್ತಿಗಿಂತ ಅತಿ ಹೆಚ್ಚು ಅಂದರೆ ಎಷ್ಟು ತಡವಾಗಿ ಶುರುವಾಗಿದೆ?’ ಟಾಸ್ಕ್ ಅಂದರೆ ಪ್ರೋಗ್ರಾಮಿನೊಳಗೆ ಹೊತ್ತಿಗೆ ಸರಿಯಾಗಿ ಓಡಬೇಕಾದ ಒಂದೊಂದು ಕೆಲಸ. ಬಹಳಷ್ಟು ಜನ ಸರಾಸರಿ ಹೇಳುತ್ತಾರೆ. ಕೆಲವರು ‘ಒಂದು ಮಿಲಿಸೆಕೆಂಡ್ ಡಿಲೇ ಹಾಕಿದ್ದೀನಲ್ಲ ಮೇಡಂ’ ಅಂತಾರೆ. ಅಳೆದು ನೋಡಿದವರು ಅಪರೂಪ.

ಹುಡುಗರನ್ನು ಬೈದು ಉಪಯೋಗವಿಲ್ಲ. ಲ್ಯಾಬಿನಲ್ಲಿ ಎಲ್‌ಇಡಿ ಮಿನುಗಿದರೆ ಮಾರ್ಕ್ಸ್ ಬೀಳುತ್ತದೆ, ಅಷ್ಟೇ ಸಾಕು.

ಅಳೆಯದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮಲ್ಲಿಗೆ ರಿಪೇರಿಗೆ ಬಂದ ಒಂದು ಬೋರ್ಡಿನ ಕಥೆ ಹೇಳುತ್ತೇನೆ. ಬಾಟಲಿಗೆ ಅಡುಗೆ ಎಣ್ಣೆ ತುಂಬುವ ಯಂತ್ರ, ನಾಲ್ಕು ನಾಜಲ್. ಎಲ್ಲ ಚೆನ್ನಾಗಿ ನಡೆಯುತ್ತಿತ್ತು. ಆದರೆ ಆಗೊಮ್ಮೆ ಈಗೊಮ್ಮೆ ಯಾವುದೋ ಒಂದು ಬಾಟಲಿಗೆ ಎರಡು ಎಂ.ಎಲ್. ಜಾಸ್ತಿ ಬೀಳುತ್ತಿತ್ತು. ವಾಲ್ವ್ ಬದಲಿಸಿದ್ದರು, ಫ್ಲೋ ಸೆನ್ಸರ್ ಬದಲಿಸಿದ್ದರು, ಆಪರೇಟರ್‌ಗೂ ಬೈದಿದ್ದರಂತೆ.

ವಾಲ್ವ್ ನೋಡಿಕೊಳ್ಳುವ ಟಾಸ್ಕ್ ಮಿಲಿಸೆಕೆಂಡಿಗೊಮ್ಮೆ ಓಡಬೇಕು. ಚಿಪ್ಪಿನಲ್ಲಿ ಖಾಲಿ ಇದ್ದ ಒಂದು ಪಿನ್ ಹಿಡಿದು, ಆ ಟಾಸ್ಕ್ ಶುರುವಾದಾಗಲೆಲ್ಲ ಪಿನ್ ಆನ್ ಇದ್ದರೆ ಆಫ್, ಆಫ್ ಇದ್ದರೆ ಆನ್ ಆಗುವ ಹಾಗೆ ಒಂದು ಸಾಲು ಕೋಡ್ ಸೇರಿಸಿದೆವು. ಪಿನ್ನಿಗೆ ಆಸಿಲೋಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಉಪಕರಣ) ಕೊಟ್ಟು, ಎರಡು ಮಿಲಿಸೆಕೆಂಡಿಗಿಂತ ಅಗಲದ ಪಲ್ಸ್ ಬಂದರೆ ಮಾತ್ರ ಹಿಡಿದು ನಿಲ್ಲಿಸು ಅಂತ ಟ್ರಿಗರ್ ಇಟ್ಟು ಊಟಕ್ಕೆ ಹೋದೆವು. ಬಂದು ನೋಡಿದರೆ ಪರದೆ ನಿಂತಿತ್ತು. ಒತ್ತೊತ್ತಾಗಿ ಬಾಚಣಿಗೆ ಹಲ್ಲಿನ ಹಾಗಿದ್ದ ಪಲ್ಸ್‌ಗಳು, ನಡುವೆ ಒಂದು ಉದ್ದನೆಯ ಸಪಾಟು ಗೆರೆ. ಹತ್ತಿರ ಹತ್ತಿರ 22 ಮಿಲಿಸೆಕೆಂಡ್. ಸೆಕೆಂಡಿಗೆ 100 ಎಂ.ಎಲ್. ಸುರಿಯುವ ನಾಜಲ್ ಅಷ್ಟು ಹೊತ್ತು ತಡವಾಗಿ ಮುಚ್ಚಿದರೆ ಎರಡು ಎಂ.ಎಲ್. ಚಿಲ್ಲರೆ. ಲೆಕ್ಕ ಸರಿಹೋಯಿತು, ಅಲ್ವಾ?

ತಪ್ಪು ವಾಲ್ವ್‌ನದ್ದಲ್ಲ. ಎಷ್ಟು ಬಾಟಲಿ ತುಂಬಿತು ಅನ್ನುವ ಎಣಿಕೆಯನ್ನು ಆ ಪ್ರೋಗ್ರಾಂ ಆಗಾಗ, ಕರೆಂಟ್ ಹೋದರೂ ಅಳಿಯದ ಮೆಮೊರಿಯಾದ, ಚಿಪ್‌ನ ಒಳಗಿನ ಫ್ಲ್ಯಾಶ್‌ನಲ್ಲೇ ಉಳಿಸುತ್ತಿತ್ತು. ಉಳಿಸುವ ಮುಂಚೆ ಆ ಮೆಮೊರಿಯ ಒಂದು ತುಂಡು, ಅಂದರೆ ಒಂದು ಪುಟ, ಅಳಿಸಬೇಕು. ಈ ಚಿಪ್‌ನಲ್ಲಿ ಅದಕ್ಕೆ 20ರಿಂದ 40 ಮಿಲಿಸೆಕೆಂಡ್ ಹಿಡಿಯುತ್ತದೆ ಅಂತ ಚಿಪ್ ತಯಾರಕರ ಡೇಟಾಶೀಟಿನಲ್ಲೇ ಇದೆ. ಕೋಡ್ ಇರುವುದೂ ಅದೇ ಫ್ಲ್ಯಾಶ್‌ನಲ್ಲಿ. ಅಳಿಸಿ ಮುಗಿಯುವ ತನಕ ಪ್ರೊಸೆಸರ್ ಮುಂದಿನ ಸಾಲು ಓದಲಾರದೆ ಸುಮ್ನೆ ನಿಲ್ಲುತ್ತದೆ. ಆಗ ಯಾವ ಟಾಸ್ಕಿಗೆ ಎಷ್ಟು ಪ್ರಯಾರಿಟಿ (ಯಾರು ಮೊದಲು ಓಡಬೇಕು ಅನ್ನುವ ಆದ್ಯತೆ) ಕೊಟ್ಟಿದ್ದರೂ ಅಷ್ಟೇ.

ಸರಾಸರಿ ನೋಡಿದ್ದರೆ ಇದು ಸಿಗುತ್ತಲೇ ಇರಲಿಲ್ಲ. ಒಂದು ನಿಮಿಷಕ್ಕೆ 60,000 ಸಲ ಓಡಬೇಕಾದ ಟಾಸ್ಕ್ ಒಮ್ಮೆ ಮಾತ್ರ 22 ಮಿಲಿಸೆಕೆಂಡ್ ನಿಂತರೆ ಎರಡು ಓಟದ ನಡುವಿನ ಸರಾಸರಿ ಅಂತರ 1.0004 ಮಿಲಿಸೆಕೆಂಡ್ ಅಂತ ಬರುತ್ತದೆ. ಯಾರ ಕಣ್ಣಿಗೆ ಬೀಳುತ್ತದೆ? ವಾಚ್‌ಡಾಗ್ (ಪ್ರೋಗ್ರಾಂ ಸಿಕ್ಕಿಹಾಕಿಕೊಂಡರೆ ಚಿಪ್ ಅನ್ನು ರೀಸೆಟ್ ಮಾಡುವ ಟೈಮರ್) ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಅದನ್ನು ಒಂದು ಸೆಕೆಂಡಿಗೆ ಇಟ್ಟಿದ್ದರು. ಈ 22 ಅದಕ್ಕೆ ಲೆಕ್ಕಕ್ಕೇ ಇಲ್ಲ.

ದೊಡ್ಡವರಿಗೂ ಇಂಥದ್ದು ಆಗಿದೆ. 1997ರ ಜುಲೈ 4ರಂದು ನಾಸಾದ ಪಾತ್‌ಫೈಂಡರ್ ಮಂಗಳನ ಮೇಲಿಳಿಯಿತು. ಕೆಲವೇ ದಿನಗಳಲ್ಲಿ ಅದರ ಕಂಪ್ಯೂಟರ್ ತಾನಾಗಿಯೇ ರೀಸೆಟ್ ಆಗತೊಡಗಿತು. ಹವಾಮಾನದ ಮಾಹಿತಿ ಸೇರಿಸುವ ಕಡಿಮೆ ಪ್ರಯಾರಿಟಿಯ ಟಾಸ್ಕ್ ಒಂದು ಲಾಕ್ (ಒಂದು ಸಲಕ್ಕೆ ಒಬ್ಬರೇ ಬಳಸಬಹುದಾದದ್ದರ ಬೀಗ) ಹಿಡಿದಿರುತ್ತಿತ್ತು. ಅದೇ ಲಾಕ್‌ಗೆ ಮೇಲಿನ ಪ್ರಯಾರಿಟಿಯ ಟಾಸ್ಕ್ ಕಾಯುತ್ತಿತ್ತು. ಅಷ್ಟರಲ್ಲಿ ನಡುವಿನ ಟಾಸ್ಕ್‌ಗಳು ಬಂದು ಪ್ರೊಸೆಸರ್ ಹಿಡಿದುಕೊಳ್ಳುತ್ತಿದ್ದವು. ಮೇಲಿನ ಟಾಸ್ಕ್ ಹೊತ್ತಿಗೆ ಮುಗಿಯುತ್ತಿರಲಿಲ್ಲ. ಅದನ್ನು ಕಂಡ ಇನ್ನೊಂದು ಟಾಸ್ಕ್ ಎಲ್ಲವನ್ನೂ ರೀಸೆಟ್ ಮಾಡುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿರುವ ನಾಸಾ ಪ್ರಯೋಗಾಲಯ ಜೆಪಿಎಲ್‌ನಲ್ಲಿ ಅಂಥದ್ದೇ ಇನ್ನೊಂದು ಕಂಪ್ಯೂಟರ್ ಇತ್ತು. ಯಾವ ಟಾಸ್ಕ್ ಯಾವಾಗ ಓಡಿತು ಎಂದು ಬರೆದಿಡುವ ಟ್ರೇಸ್ ಅನ್ನು ಅದರಲ್ಲಿ ಆನ್ ಮಾಡಿ, ರೀಸೆಟ್ ಮರುಕಳಿಸುವ ತನಕ ಓಡಿಸಿ ಕಾರಣ ಹಿಡಿದರು. ಆ ಲಾಕ್‌ನ ಪ್ರಯಾರಿಟಿ ಇನ್‌ಹೆರಿಟೆನ್ಸ್ ಆನ್ ಮಾಡುವ ತಿದ್ದುಪಡಿಯನ್ನು ಭೂಮಿಯಿಂದಲೇ ಕಳಿಸಿದರು. ಅಂದರೆ ಲಾಕ್ ಹಿಡಿದ ಟಾಸ್ಕಿಗೆ, ಅದಕ್ಕೆ ಕಾಯುತ್ತಿರುವ ಮೇಲಿನ ಟಾಸ್ಕಿನ ಪ್ರಯಾರಿಟಿಯೇ ತಾತ್ಕಾಲಿಕವಾಗಿ ಸಿಗುತ್ತದೆ; ನಡುವಿನವು ಅಡ್ಡ ಬರಲಾರವು. ಟ್ರೇಸ್ ಇರದಿದ್ದರೆ ಇನ್ನೆಷ್ಟು ದಿನ ತಡಕಾಡುತ್ತಿದ್ದರೋ.

ಕಾಲೇಜಿನವರಲ್ಲಿ, ಸಿಲಬಸ್ ಮಾಡುವವರಲ್ಲಿ ನನ್ನ ಕೋರಿಕೆ ಸಣ್ಣದು. ಹೊಸ ಪೇಪರ್ ಬೇಡ. ಈಗಿರುವ ಮೈಕ್ರೋಕಂಟ್ರೋಲರ್ ಲ್ಯಾಬಿನಲ್ಲೇ ಒಂದು ಪ್ರಯೋಗ ಸೇರಿಸಿ: ಟಾಸ್ಕಿಗೊಂದು ಪಿನ್ ಕಟ್ಟು, ಒಂದು ಗಂಟೆ ಓಡಿಸು, ಅತಿ ದೊಡ್ಡ ಅಂತರ ಎಷ್ಟು, ಅದು ಯಾಕೆ ಬಂತು ಬರೆ. ಸ್ಕೋಪ್ ಎಲ್ಲರಿಗೂ ಸಾಲದಿದ್ದರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರೋಡಿನಲ್ಲಿ ಸಾವಿರ ರೂಪಾಯಿ ಆಸುಪಾಸಿಗೆ ಯುಎಸ್‌ಬಿ ಲಾಜಿಕ್ ಅನಲೈಸರ್ (ಪಿನ್ ಯಾವಾಗ ಆನ್, ಯಾವಾಗ ಆಫ್ ಅಂತ ಕಂಪ್ಯೂಟರಿನಲ್ಲಿ ದಾಖಲಿಸುವ ಸಾಧನ) ಸಿಗುತ್ತದೆ. ಅದೂ ಬೇಡವೆಂದರೆ ಕಾರ್ಟೆಕ್ಸ್ ಎಂ3, ಎಂ4 ಚಿಪ್‌ಗಳೊಳಗೇ ಪ್ರೊಸೆಸರ್ ಗಡಿಯಾರದ ಸೈಕಲ್ (ಮಿಡಿತ) ಎಣಿಸುವ ಕೌಂಟರ್ ಇದೆ. ಆನ್ ಮಾಡಲು ಎರಡು ಸಾಲು ಕೋಡ್ ಸಾಕು. 72 ಮೆಗಾಹರ್ಟ್ಸ್‌ನಲ್ಲಿ ಅದು ಹೆಚ್ಚುಕಡಿಮೆ ನಿಮಿಷಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ. ಆಗ ಕಳೆಯುವ ಲೆಕ್ಕ ಹೇಗೆ ಅನ್ನುವುದೇ ವೈವಾದಲ್ಲಿ ಕೇಳಲು ಒಳ್ಳೆಯ ಪ್ರಶ್ನೆ.

ಎಣ್ಣೆ ಯಂತ್ರದಲ್ಲಿ ಈಗ ನಾಲ್ಕೂ ವಾಲ್ವ್ ಮುಚ್ಚಿದ ಮೇಲೆ ಮಾತ್ರ ಎಣಿಕೆ ಉಳಿಸುತ್ತದೆ. ಅಳೆಯುವ ಕೋಡ್ ಅನ್ನು ನಾವು ತೆಗೆಯಲಿಲ್ಲ. ವಾಲ್ವ್ ತೆರೆದಿರುವಾಗ ಆದ ಅತಿ ದೊಡ್ಡ ತಡ ಎಷ್ಟು ಅಂತ ಸರ್ವೀಸ್ ಮೆನುವಿನಲ್ಲಿ ಕಾಣುತ್ತದೆ. ಸರ್ವೀಸಿಗೆ ಹೋಗುವ ಹುಡುಗ ಮೊದಲು ನೋಡುವುದು ಅದನ್ನೇ.

– ಒಬ್ಬ ಫರ್ಮ್‌ವೇರ್ ಇಂಜಿನಿಯರ್, ಪೀಣ್ಯ, ಬೆಂಗಳೂರು